ಬಿಸಿಗೆ ಬಿಟ್ಟ ಜಾಗ: ಅರೆವಾಹಕ ಲೇಸರಿನ ವರ್ತನೆ ಮತ್ತು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಅದರ ಬಳಕೆಯ ನೆಲೆಗಳು

ಸಾರಾಂಶ

ಅರೆವಾಹಕ ಲೇಸರ್ ಸೂಸುವ ಬೆಳಕಿನ ಪ್ರಮಾಣ, ಅದರ ತರಂಗಾಂತರ, ಸಾಧನದ ಬಾಳಿಕೆ ಮೂರೂ ತಾಪಮಾನಕ್ಕೆ ಅಧೀನ. ಈ ದೌರ್ಬಲ್ಯವನ್ನು ನಿಭಾಯಿಸಲು ಎರಡು ದಾರಿಗಳಿವೆ: ಲೇಸರನ್ನು ತಂಪಾಗಿಡುವುದು, ಇಲ್ಲವೇ ಅದು ಬಿಸಿಯಾಗಿ ಅತ್ತಿತ್ತ ಸರಿದರೂ ಕೆಲಸ ಕೆಡದಂತೆ ಇಡೀ ವ್ಯವಸ್ಥೆಯಲ್ಲಿ ಜಾಗ ಬಿಡುವುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಂಥ ಗ್ರಾಮೀಣ ನೆಲೆಗೆ ಈ ಸಾಧನ ತಲುಪಲು ಮುಖ್ಯವಾಗಿ ಎರಡನೆಯ ದಾರಿಯೇ ಕಾರಣ ಎಂಬುದು ಲೇಖನದ ವಾದ. ಗದ್ದೆಯ ಮಟ್ಟ, ಗ್ರಾಮ ಪಂಚಾಯಿತಿಯ ಆಪ್ಟಿಕಲ್ ಫೈಬರ್ ಜಾಲ ಮತ್ತು ಲೋಹದ ಕೆಲಸ ಎಂಬ ಮೂರು ನೆಲೆಗಳಲ್ಲಿ ಸರಳ ಲೆಕ್ಕಗಳ ಮೂಲಕ ಇದನ್ನು ಪರಿಶೀಲಿಸಲಾಗಿದೆ.

1. ಪೀಠಿಕೆ

ಈ ನಾಲ್ಕೂ ತಾಲ್ಲೂಕುಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ನೆಲದ ಗುಣ ಒಂದೇ ಅಲ್ಲ. ಶ್ರೀರಂಗಪಟ್ಟಣದ್ದು ಕಾವೇರಿಯ ದಡದ ಪುಟ್ಟ ತಾಲ್ಲೂಕು. ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳ ಹಳೆಯ ನೀರಾವರಿ ಅಲ್ಲಿದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಮತ್ತು ಅದರ ವಿಶ್ವೇಶ್ವರಯ್ಯ ನಾಲೆ ಪಾಂಡವಪುರದ ಕಡೆಗೂ ಭತ್ತ, ಕಬ್ಬು ತಂದವು. ಕೃಷ್ಣರಾಜಪೇಟೆಗೆ ಹೇಮಾವತಿಯ ಆಸರೆ. ನಾಗಮಂಗಲದ ಬಹುಭಾಗ ಮಳೆಯನ್ನೂ ಕೆರೆಗಳನ್ನೂ ನಂಬಿದ ರಾಗಿ, ತೆಂಗಿನ ಸೀಮೆ, ಊರುಗಳು ಚದುರಿಕೊಂಡಿವೆ.

ಪ್ರಯೋಗಾಲಯದ ಹೊರಗೆ ಲೇಸರ್ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಲು ಇಂಥ ಪ್ರದೇಶವೇ ಸೂಕ್ತ. ಇಲ್ಲಿ ಲೇಸರ್ ಇರುವ ಪೆಟ್ಟಿಗೆ ಬಯಲಿನ ಬಿಸಿಲಲ್ಲಿ ನಿಲ್ಲುತ್ತದೆ, ಹವಾನಿಯಂತ್ರಣವಿಲ್ಲದ ಕಚೇರಿಯ ಗೋಡೆಯ ಮೇಲಿರುತ್ತದೆ, ಏರಿಳಿಯುವ ವಿದ್ಯುತ್ತಿನಲ್ಲಿ ನಡೆಯುತ್ತದೆ.

2. ಸಾಧನದ ವರ್ತನೆ

ಡಯೋಡಿನ ಸಂಧಿಯಲ್ಲಿ ಎಲೆಕ್ಟ್ರಾನು ಮತ್ತು ರಂಧ್ರ ಕೂಡಿದಾಗ ಬಿಡುಗಡೆಯಾಗುವ ಶಕ್ತಿ ಬೆಳಕಾಗಬಹುದು ಅಥವಾ ಶಾಖವಾಗಬಹುದು. ಸಿಲಿಕಾನಿನಲ್ಲಿ ಅದು ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಗ್ಯಾಲಿಯಂ ಆರ್ಸೆನೈಡ್, ಇಂಡಿಯಂ ಫಾಸ್ಫೈಡ್ ವರ್ಗದ ಸಂಯುಕ್ತಗಳಲ್ಲಿ ಬೆಳಕಾಗುವ ಸಾಧ್ಯತೆ ಹೆಚ್ಚು. ಬೆಳಕಿನ ತರಂಗಾಂತರವನ್ನು ವಸ್ತುವಿನ ಶಕ್ತಿ ಅಂತರವೇ ನಿರ್ಧರಿಸುತ್ತದೆ: 1240ನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿರುವ ಆ ಅಂತರದಿಂದ ಭಾಗಿಸಿದರೆ ತರಂಗಾಂತರ ನ್ಯಾನೊಮೀಟರಿನಲ್ಲಿ ಸಿಗುತ್ತದೆ. ಗ್ಯಾಲಿಯಂ ಆರ್ಸೆನೈಡಿನ ಅಂತರ 1.42, ಅದರ ಬೆಳಕು ಸುಮಾರು 870 ನ್ಯಾನೊಮೀಟರಿನ ಆಸುಪಾಸಿನ ಅವಕೆಂಪು.

ಹೀಗೆ ಹುಟ್ಟಿದ ಬೆಳಕು ಲೇಸರ್ ಆಗಬೇಕಾದರೆ ಎರಡು ಕನ್ನಡಿಗಳ ನಡುವೆ ಹೋಗಿಬರಬೇಕು. ಅರೆವಾಹಕದಲ್ಲಿ ಹರಳನ್ನು ಸೀಳಿದ ಮುಖಗಳೇ ಕನ್ನಡಿಗಳು. ವಕ್ರೀಭವನ ಸೂಚ್ಯಂಕ ಸುಮಾರು 3.5 ಇರುವುದರಿಂದ ಪ್ರತಿ ಮುಖ ಶೇ 31ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಅನಿಲ ಲೇಸರಿಗೆ ಈ ಮಟ್ಟದ ಕನ್ನಡಿ ಏನೇನೂ ಸಾಲದು. ಅರೆವಾಹಕದ ವರ್ಧನೆ ಬಹಳ ಹೆಚ್ಚಾದ್ದರಿಂದ 300 ಮೈಕ್ರೊಮೀಟರ್ ಉದ್ದದ ಚೂರಿಗೂ ಇದು ಸಾಕು.

ವಿದ್ಯುತ್ಪ್ರವಾಹ ಒಂದು ಹೊಸ್ತಿಲನ್ನು ದಾಟುವವರೆಗೆ ಈ ಸಾಧನ ಸಾಮಾನ್ಯ ಎಲ್‌ಇಡಿಯಂತೆ ಮಂಕಾಗಿ, ಎಲ್ಲ ದಿಕ್ಕಿಗೂ ಬೆಳಗುತ್ತದೆ. ದಾಟಿದ ಮೇಲೆ ಪ್ರಚೋದಿತ ಉತ್ಸರ್ಜನೆ ಮೇಲುಗೈ ಪಡೆದು, ಹೆಚ್ಚಿಸಿದ ಪ್ರವಾಹಕ್ಕೆ ತಕ್ಕಂತೆ ಲೇಸರ್ ಬೆಳಕೂ ನೇರ ಅನುಪಾತದಲ್ಲಿ ಏರುತ್ತದೆ. ಪ್ರವಾಹವನ್ನು ಏರಿಳಿಸಿ ಬೆಳಕನ್ನೇ ಸೆಕೆಂಡಿಗೆ ನೂರಾರು ಕೋಟಿ ಬಾರಿ ಬದಲಿಸಬಹುದಾದ್ದರಿಂದ ಸಂಪರ್ಕ ವ್ಯವಸ್ಥೆಗೆ ಇದು ಒಗ್ಗಿತು.

ಆದರೆ ಹೊಸ್ತಿಲು ಸ್ಥಿರವಲ್ಲ; ತಾಪಮಾನದೊಂದಿಗೆ ಘಾತೀಯವಾಗಿ ಏರುತ್ತದೆ. ಏರಿಕೆಯ ವೇಗವನ್ನು ಲಕ್ಷಣ ತಾಪಮಾನ ಎಂಬ ಸಂಖ್ಯೆ ಸೂಚಿಸುತ್ತದೆ. ಅದು ಚಿಕ್ಕದಾದಷ್ಟೂ ಸಾಧನ ಬಿಸಿಗೆ ಸೂಕ್ಷ್ಮ. ಗ್ಯಾಲಿಯಂ ಆರ್ಸೆನೈಡ್ ವರ್ಗಕ್ಕೆ 150 ಕೆಲ್ವಿನ್, ಸಂಪರ್ಕಕ್ಕೆ ಬಳಸುವ ಉದ್ದ ತರಂಗಾಂತರದ ಲೇಸರಿಗೆ 60 ಕೆಲ್ವಿನ್ ಎಂದು ಇಟ್ಟುಕೊಳ್ಳೋಣ. ತಾಪಮಾನ 25ರಿಂದ 55 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಮೊದಲನೆಯದರ ಹೊಸ್ತಿಲು 1.22 ಪಟ್ಟಾಗುತ್ತದೆ, ಎರಡನೆಯದರದು 1.65 ಪಟ್ಟು. 10 ಮಿಲಿಆಂಪಿಯರ್‌ನಲ್ಲಿ ಹೊತ್ತಿಕೊಳ್ಳುತ್ತಿದ್ದ ಎರಡನೆಯ ಬಗೆಯ ಲೇಸರಿಗೆ 16.5 ಬೇಕಾಗುತ್ತದೆ. ಉದ್ದ ತರಂಗಾಂತರದ ವಸ್ತುಗಳಲ್ಲಿ ಎಲೆಕ್ಟ್ರಾನು–ರಂಧ್ರ ಕೂಡಿದ ಶಕ್ತಿಯನ್ನು ಮೂರನೆಯ ಕಣವೊಂದು ನುಂಗಿಬಿಡುವ ಓಗರ್ ಪ್ರಕ್ರಿಯೆ ಇದಕ್ಕೆ ಮುಖ್ಯ ಕಾರಣ. ಕೆಂಪು ಲೇಸರಿನ ತೊಂದರೆ ಬೇರೆ: ಬಿಸಿಯಾದ ಎಲೆಕ್ಟ್ರಾನುಗಳು ತಡೆಗೋಡೆ ದಾಟಿ ಸೋರುತ್ತವೆ, ತರಂಗಾಂತರ ಕಿರಿದಾದಷ್ಟೂ ಸೋರಿಕೆ ಹೆಚ್ಚು.

ಈ ಸಾಧನದ ಚರಿತ್ರೆಯೂ ಶಾಖದೊಡನೆ ನಡೆದ ಹೋರಾಟವೇ. 1962ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಹಾಲ್ ತಂಡ ತೋರಿಸಿದ ಮೊದಲ ಅರೆವಾಹಕ ಲೇಸರ್ ದ್ರವ ಸಾರಜನಕದ ತಂಪಿನಲ್ಲಿ, ಬಿಟ್ಟುಬಿಟ್ಟು ಮಿಡಿಯುತ್ತಿತ್ತು. ಬೇರೆ ಬೇರೆ ಶಕ್ತಿ ಅಂತರದ ಪದರಗಳ ನಡುವೆ ಎಲೆಕ್ಟ್ರಾನುಗಳನ್ನೂ ಬೆಳಕನ್ನೂ ಕೂಡಿಹಾಕುವ ವಿಚಾರವನ್ನು 1963ರಲ್ಲಿ ಹರ್ಬರ್ಟ್ ಕ್ರೋಮರ್ ಮತ್ತು ಸೋವಿಯತ್ ಒಕ್ಕೂಟದ ಝೋರೆಸ್ ಅಲ್ಫೆರೊವ್ ಪ್ರತ್ಯೇಕವಾಗಿ ಮುಂದಿಟ್ಟರು. 1970ರಲ್ಲಿ ಅಲ್ಫೆರೊವ್ ತಂಡವೂ ಬೆಲ್ ಪ್ರಯೋಗಾಲಯದ ಹಯಾಶಿ ಮತ್ತು ಪ್ಯಾನಿಷ್ ಅವರೂ ಕೋಣೆಯ ತಾಪಮಾನದಲ್ಲಿ ಎಡೆಬಿಡದೆ ಬೆಳಗುವ ಲೇಸರ್ ಸಾಧಿಸಿದರು. ಅಲ್ಫೆರೊವ್, ಕ್ರೋಮರ್ ಇಬ್ಬರಿಗೂ 2000ದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಆದರೆ ಯೂರೋಪು, ಅಮೆರಿಕದ ಪ್ರಯೋಗಾಲಯದ ಕೋಣೆಯೂ ಏಪ್ರಿಲ್ ತಿಂಗಳ ಪಾಂಡವಪುರದ ಬಯಲೂ ಒಂದೇ ಅಲ್ಲ.

3. ಗದ್ದೆಯ ಮಟ್ಟ

ಭತ್ತದ ನಾಟಿಗೆ ಮುಂಚೆ ಕೆಸರುಗದ್ದೆಯಲ್ಲಿ ಹಲಗೆ ಎಳೆದು ಮಟ್ಟ ಮಾಡುವುದು ಈ ಭಾಗದ ಹಳೆಯ ಪದ್ಧತಿ. ಕಣ್ಣಳತೆಯಲ್ಲಿ ಸರಿ ಕಂಡ ತಾಕಿನಲ್ಲೂ ಉಬ್ಬುತಗ್ಗು ಉಳಿಯುತ್ತದೆ. ಅದರ ಬೆಲೆಯನ್ನು ಲೆಕ್ಕ ಹಾಕಬಹುದು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದರ ಮೇಲೆ 1 ಸೆಂಟಿಮೀಟರ್ ನೀರು ನಿಲ್ಲಿಸಲು 40,470 ಲೀಟರ್ ಬೇಕು. ಅತಿ ಎತ್ತರದ ಮತ್ತು ಅತಿ ತಗ್ಗಿನ ಜಾಗಗಳ ನಡುವೆ 10 ಸೆಂಟಿಮೀಟರ್ ವ್ಯತ್ಯಾಸವಿದ್ದು ಇಳಿಜಾರು ಸಮನಾಗಿದ್ದರೆ, ಎತ್ತರದ ಮೂಲೆ ನೆನೆಯುವಷ್ಟರಲ್ಲಿ ಉಳಿದ ಗದ್ದೆಯಲ್ಲಿ ಸರಾಸರಿ 5 ಸೆಂಟಿಮೀಟರ್ ನೀರು ಹೆಚ್ಚುವರಿಯಾಗಿ ನಿಂತಿರುತ್ತದೆ. ಅದು ಎಕರೆಗೆ ಎರಡು ಲಕ್ಷ ಲೀಟರಿಗೂ ಹೆಚ್ಚು. ನಾಲೆಯ ಕೊನೆಯ ಭಾಗದ ರೈತರಿಗೆ ನೀರು ಮುಟ್ಟುತ್ತದೋ ಇಲ್ಲವೋ ಎಂಬುದರಲ್ಲಿ ಈ ಪ್ರಮಾಣಕ್ಕೂ ಪಾಲಿದೆ.

ಲೇಸರ್ ಮಟ್ಟಯಂತ್ರದಲ್ಲಿ ಮುಕ್ಕಾಲಿಯ ಮೇಲೆ ಕೂತ ಡಯೋಡ್ ಲೇಸರಿನ ಕಿರಣ ಗಿರಗಿರನೆ ಸುತ್ತಿ ಗದ್ದೆಯ ಮೇಲೆ ಕಾಣದ ಸಮತಲವೊಂದನ್ನು ಹಾಸುತ್ತದೆ. ಟ್ರ್ಯಾಕ್ಟರಿನ ಹಿಂದಿನ ಮಣ್ಣು ಹೆರೆಯುವ ಬ್ಲೇಡಿಗೆ ಜೋಡಿಸಿದ ಕಂಬದ ಗ್ರಾಹಕ ಆ ಸಮತಲವನ್ನು ಗುರುತಿಸಿ ಹೈಡ್ರಾಲಿಕ್ ಕವಾಟದ ಮೂಲಕ ಬ್ಲೇಡನ್ನು ಏರಿಸಿ ಇಳಿಸುತ್ತದೆ. ಇಲ್ಲಿ ಬೇಕಾದದ್ದು ಬೆಳಕಿನ ಬಲವಲ್ಲ, ನೇರ. ಡಯೋಡಿನ ಹೊರಮುಖ ಒಂದೆರಡು ಮೈಕ್ರೊಮೀಟರಿನಷ್ಟೇ ಕಿರಿದಾದ್ದರಿಂದ ಬೆಳಕು ಒಂದು ದಿಕ್ಕಿಗೆ ಸುಮಾರು 30 ಡಿಗ್ರಿ, ಇನ್ನೊಂದಕ್ಕೆ 10 ಡಿಗ್ರಿ ಹರಡಿಕೊಂಡೇ ಹೊರಬರುತ್ತದೆ. ಅದನ್ನು ನೇರ ಮಾಡುವುದು ಮುಂದಿನ ಮಸೂರ. ಉಪಕರಣ 10 ಆರ್ಕ್ ಸೆಕೆಂಡ್ ವಾಲಿದರೆ 100 ಮೀಟರ್ ದೂರದಲ್ಲಿ ಸುಮಾರು 5 ಮಿಲಿಮೀಟರ್ ತಪ್ಪು. ಗದ್ದೆಗೆ ಇಷ್ಟು ತಪ್ಪು ನಡೆಯುತ್ತದೆ.

ಕೆಂಪು ಬಣ್ಣದ ಆಯ್ಕೆಯಲ್ಲೂ ಬಿಸಿಯ ಲೆಕ್ಕವಿದೆ. 635 ನ್ಯಾನೊಮೀಟರಿನ ಬೆಳಕು 670ರದಕ್ಕಿಂತ ಮನುಷ್ಯನ ಕಣ್ಣಿಗೆ ಸುಮಾರು ಏಳು ಪಟ್ಟು ಪ್ರಖರ. ಗೋಡೆಯ ಮೇಲೆ ಗೆರೆ ನೋಡುವ ಕಟ್ಟಡ ಕೆಲಸಕ್ಕೆ ಅದು ಲಾಭ. ಆದರೆ 635ರ ಡಯೋಡು ಬಿಸಿಗೆ ಹೆಚ್ಚು ಸೂಕ್ಷ್ಮ. ಗದ್ದೆಯಲ್ಲಿ ಕಿರಣವನ್ನು ನೋಡುವುದು ಸಿಲಿಕಾನ್ ಗ್ರಾಹಕವಾದ್ದರಿಂದ ಅದಕ್ಕೆ ಕಣ್ಣಿನ ಈ ಪಕ್ಷಪಾತವಿಲ್ಲ. ಬಿಸಿಲಲ್ಲಿ ನಿಲ್ಲುವ ಯಂತ್ರಕ್ಕೆ ಕೆಂಪಿನೊಳಗೆ ಉದ್ದ ತರಂಗಾಂತರವೇ ಹೆಚ್ಚು ತಾಳಿಕೆಯದು. ಬಿಸಿ ಏರಿದಂತೆ ಬೆಳಕು ಕುಗ್ಗದಿರಲು ಹಿಂಬದಿಯ ಮುಖದಿಂದ ಹೊರಬೀಳುವ ಬೆಳಕನ್ನು ಪುಟ್ಟ ಫೋಟೊಡಯೋಡೊಂದು ಅಳೆದು ಪ್ರವಾಹ ಹೆಚ್ಚಿಸುತ್ತದೆ. ಇದಕ್ಕೂ ಮಿತಿಯುಂಟು: ಹೆಚ್ಚಿದ ಪ್ರವಾಹ ಇನ್ನಷ್ಟು ಬಿಸಿ ಮಾಡುತ್ತದೆ, ಆ ಬಿಸಿ ಹೊಸ್ತಿಲನ್ನು ಇನ್ನಷ್ಟು ಏರಿಸುತ್ತದೆ. ಬೇಸಗೆಯಲ್ಲಿ ಮಟ್ಟ ಮಾಡುವಾಗ ಬೆಳಗಿನ ಹೊತ್ತು ಲೇಸು ಎನ್ನಲು ಇದು ಒಂದು ಕಾರಣ. ಕಾದ ನೆಲದ ಮೇಲಿನ ಗಾಳಿಯಲ್ಲಿ ಕಿರಣ ಬಾಗುವುದು ಇನ್ನೊಂದು.

4. ಪಂಚಾಯಿತಿಯಿಂದ ಬೆನ್ನೆಲುಬಿನವರೆಗೆ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ರಾಷ್ಟ್ರೀಯ ಯೋಜನೆಗೆ 2011ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಮುಂದೆ ಅದು ಭಾರತ್‌ನೆಟ್ ಎನಿಸಿತು. ಅದರ ಮೊದಲ ಹಂತ ಬಳಸಿದ್ದು ಜಿಪಾನ್ ತಂತ್ರಜ್ಞಾನವನ್ನು. ದೂರವಾಣಿ ಕೇಂದ್ರದಲ್ಲಿ ಒಎಲ್‌ಟಿ ಎಂಬ ಒಂದು ಲೇಸರ್ ಉಪಕರಣ, ನಡುವೆ ವಿದ್ಯುತ್ ಬೇಡದ ಬೆಳಕು ವಿಭಾಜಕ, ತುದಿಯಲ್ಲಿ ಪಂಚಾಯಿತಿಗೊಂದು ಒಎನ್‌ಟಿ ಎಂಬ ಉಪಕರಣ. ಕೇಂದ್ರದಿಂದ ಹಳ್ಳಿಗೆ 1490 ನ್ಯಾನೊಮೀಟರಿನ ಬೆಳಕು, ಹಳ್ಳಿಯಿಂದ ಕೇಂದ್ರಕ್ಕೆ 1310ರ ಬೆಳಕು ಒಂದೇ ಎಳೆಯಲ್ಲಿ ಹರಿಯುತ್ತವೆ. ಒಂದೇ ಎಳೆಯನ್ನು ಹಲವು ಪಂಚಾಯಿತಿಗಳು ಹಂಚಿಕೊಳ್ಳುವುದರಿಂದ ಪ್ರತಿಯೊಂದರ ಲೇಸರೂ ತನ್ನ ಸರದಿಯಲ್ಲಷ್ಟೇ ಹೊತ್ತಿ ಮತ್ತೆ ಆರಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ಸರದಿಯ ಮೇಲೆ ಬಿಡುವ ಕಟ್ಟು ಪದ್ಧತಿಯ ನೀರಿನಂತೆ, ಆದರೆ ಇಲ್ಲಿ ಒಂದು ಕಟ್ಟು ಮೈಕ್ರೊಸೆಕೆಂಡುಗಳಲ್ಲಿ ಮುಗಿಯುತ್ತದೆ.

ದೂರದ ಲೆಕ್ಕ ಹೀಗಿದೆ. 1310ರಲ್ಲಿ ಕಿಲೋಮೀಟರಿಗೆ 0.35 ಡೆಸಿಬೆಲ್ ನಷ್ಟವೆಂದರೆ 20 ಕಿಲೋಮೀಟರಿಗೆ 7. ಎಂಟು ದಾರಿಯ ವಿಭಾಜಕಕ್ಕೆ ಸುಮಾರು 10.5. ಒಟ್ಟು 17.5. ಸಾಮಾನ್ಯ ದರ್ಜೆಯ ಜಿಪಾನ್ 28 ಡೆಸಿಬೆಲ್‌ವರೆಗೆ ತಾಳುತ್ತದೆ. ನಾಗಮಂಗಲ, ಕೃಷ್ಣರಾಜಪೇಟೆಯಂಥ ಹರಡಿದ ತಾಲ್ಲೂಕಿನಲ್ಲಿ ಬೆಸುಗೆ, ಕೂಡುತುದಿ, ಕಡಿದು ಮತ್ತೆ ಜೋಡಿಸಿದ ಕಡೆಗಳ ನಷ್ಟಕ್ಕೆ ಉಳಿಯುವುದು ಮಿಕ್ಕ ಹತ್ತೂವರೆ ಡೆಸಿಬೆಲ್ಲೇ.

ಬಿಸಿಯ ವಿಚಾರ ಇಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಮೂಲ ಜಿಪಾನ್ ಮಾನಕ ಹಳ್ಳಿಯ ಕಡೆಯ ಲೇಸರಿಗೆ 1260ರಿಂದ 1360ರವರೆಗೆ, ಎಂದರೆ 100 ನ್ಯಾನೊಮೀಟರ್ ಅಗಲದ ಕಿಂಡಿ ಬಿಟ್ಟಿದೆ. ಸೀಳಿದ ಮುಖಗಳನ್ನಷ್ಟೇ ಕನ್ನಡಿಯಾಗಿ ಬಳಸುವ ಅಗ್ಗದ ಫ್ಯಾಬ್ರಿ–ಪೆರೊ ಲೇಸರಿನ ತರಂಗಾಂತರ ಡಿಗ್ರಿಗೆ ಅರ್ಧ ನ್ಯಾನೊಮೀಟರಿನಷ್ಟು ಸರಿದರೂ, 60 ಡಿಗ್ರಿ ವ್ಯತ್ಯಾಸಕ್ಕೆ ಆಗುವುದು 30 ನ್ಯಾನೊಮೀಟರ್, ಕಿಂಡಿಯೊಳಗೇ ಉಳಿಯುತ್ತದೆ. ಇಂಥ ಲೇಸರ್ ಒಟ್ಟಿಗೆ ಹಲವು ತರಂಗಾಂತರಗಳನ್ನು ಸೂಸುವುದೂ ಇಲ್ಲಿ ಅಷ್ಟಾಗಿ ಅಡ್ಡಿಯಲ್ಲ, ಏಕೆಂದರೆ 1310ರ ಸುತ್ತ ಸಾಮಾನ್ಯ ಫೈಬರಿನ ವರ್ಣಪ್ರಸರಣ (ಬೇರೆ ಬೇರೆ ತರಂಗಾಂತರಗಳು ಬೇರೆ ಬೇರೆ ವೇಗದಲ್ಲಿ ಸಾಗುವುದು) ಶೂನ್ಯದ ಹತ್ತಿರ. ಕೇಂದ್ರದ ಕಡೆಗೆ ಬಿಟ್ಟ ಕಿಂಡಿ 1480ರಿಂದ 1500, 20 ನ್ಯಾನೊಮೀಟರ್ ಮಾತ್ರ. ಒಳಗೇ ಗೀರುಜಾಲ ಕೊರೆದು ಒಂದೇ ತರಂಗಾಂತರಕ್ಕೆ ಕಟ್ಟಿಹಾಕಿದ ಡಿಎಫ್‌ಬಿ ಲೇಸರ್ ಡಿಗ್ರಿಗೆ 0.1ರಂತೆ 60 ಡಿಗ್ರಿಗೆ 6 ನ್ಯಾನೊಮೀಟರ್ ಸರಿಯುವುದರಿಂದ ಇಲ್ಲೂ ತಂಪುಕಾರಕ ಬೇಡ. ಊರೂರುಗಳ ದತ್ತಾಂಶ ಒಟ್ಟುಗೂಡಿ ಹರಿಯುವ ದೂರದ ಬೆನ್ನೆಲುಬು ಜಾಲದಲ್ಲಿ ಮಾತ್ರ ಪಕ್ಕಪಕ್ಕದ ವಾಹಿನಿಗಳ ಅಂತರ 0.8 ನ್ಯಾನೊಮೀಟರಿಗೆ ಇಳಿಯುತ್ತದೆ. ಅಲ್ಲಿ 8 ಡಿಗ್ರಿ ಬಿಸಿ ಏರಿದರೆ ಸಾಕು, ಒಂದು ವಾಹಿನಿ ಇನ್ನೊಂದರ ಜಾಗಕ್ಕೆ ಬಂದು ಕೂರುತ್ತದೆ. ಆದ್ದರಿಂದ ಅಲ್ಲಿನ ಲೇಸರಿಗೆ ಪೆಲ್ಟಿಯರ್ ತಂಪುಕಾರಕ ಅನಿವಾರ್ಯ.

100, 20, 0.8. ಹಳ್ಳಿಯಿಂದ ಮೇಲಕ್ಕೆ ಹೋದಂತೆ ಬಿಸಿಗೆ ಬಿಟ್ಟ ಜಾಗ ಕಿರಿದಾಗುತ್ತದೆ, ಸಾಧನದ ಬೆಲೆ ಏರುತ್ತದೆ. ಹಳ್ಳಿಯ ತುದಿಗೆ ಅಗ್ಗದ ಲೇಸರ್ ಸಾಕಾದದ್ದು ಮಾನಕ ಬರೆದವರು ಅದರ ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡದ್ದರಿಂದ.

5. ಲೋಹ ಮತ್ತು ವಿದ್ಯುತ್ತಿನ ಏರಿಳಿತ

ನಾಗಮಂಗಲ ಹಿತ್ತಾಳೆ ಮತ್ತು ಕಂಚಿನ ಕೆಲಸಕ್ಕೆ ಹೆಸರಾದ ಊರು. ಲೋಹದ ಮೇಲೆ ಗುರುತು ಕೊರೆಯುವ ಫೈಬರ್ ಲೇಸರ್ ಸುಮಾರು 1 ಮೈಕ್ರೊಮೀಟರಿನ ಬೆಳಕು ಕೊಡುತ್ತದೆ. ಅದಕ್ಕೆ ಶಕ್ತಿ ತುಂಬುವವು ಡಯೋಡ್ ಲೇಸರುಗಳೇ. ತಾಮ್ರ ಮತ್ತು ಅದರ ಮಿಶ್ರಲೋಹಗಳು ಈ ಅವಕೆಂಪನ್ನು ಬಹುಪಾಲು ಹಿಂದಕ್ಕೆ ಚಿಮ್ಮಿಸುತ್ತವೆ. 450 ನ್ಯಾನೊಮೀಟರಿನ ನೀಲಿ ಬೆಳಕನ್ನು ತಾಮ್ರ ಹಲವು ಪಟ್ಟು ಹೆಚ್ಚು ಹೀರುತ್ತದೆ. ಗ್ಯಾಲಿಯಂ ನೈಟ್ರೈಡಿನ ನೀಲಿ ಡಯೋಡುಗಳು ತಾಮ್ರದ ಬೆಸುಗೆಗೆ ಬಂದದ್ದು ಇದರಿಂದಲೇ. ಈ ಕಸುಬಿನ ಮುಂದಿನ ಉಪಕರಣದ ಆಯ್ಕೆಯಲ್ಲಿ ವ್ಯಾಟ್‌ನಷ್ಟೇ ತರಂಗಾಂತರವೂ ಮುಖ್ಯ.

ಬಿಸಿಯ ಜೊತೆಗೆ ಇನ್ನೊಂದು ಅಪಾಯವಿದೆ. 1ಕ್ಕೆ 3 ಮೈಕ್ರೊಮೀಟರಿನ ಹೊರಮುಖದಿಂದ 5 ಮಿಲಿವ್ಯಾಟ್ ಹೊರಟರೆ ಅಲ್ಲಿನ ಸಾಂದ್ರತೆ ಚದರ ಸೆಂಟಿಮೀಟರಿಗೆ ಒಂದೂವರೆ ಲಕ್ಷ ವ್ಯಾಟ್ ಮೀರುತ್ತದೆ. ಕ್ಷಣಮಾತ್ರದ ಪ್ರವಾಹದ ಹೊಡೆತವೂ ಆ ಮುಖವನ್ನು ಸುಡಬಲ್ಲದು. ಪಂಪ್‌ಸೆಟ್ಟುಗಳು ಒಮ್ಮೆಗೇ ಚಾಲೂ ಆಗಿ ಆರುವ ಮಾರ್ಗದಲ್ಲಿ ಉಪಕರಣದ ವಿದ್ಯುತ್ ಪೂರೈಕೆಯ ಗುಣಮಟ್ಟವೇ ಲೇಸರಿನ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

6. ಉಪಸಂಹಾರ

ಮೂರೂ ನೆಲೆಗಳಲ್ಲಿ ಮಿಲಿವ್ಯಾಟ್ ಸಂಖ್ಯೆ ಒಂದೇ ನಿರ್ಣಾಯಕವಲ್ಲ. ಗದ್ದೆಯಲ್ಲಿ ಗ್ರಾಹಕಕ್ಕೆ ತಕ್ಕ ತರಂಗಾಂತರ, ಜಾಲದಲ್ಲಿ ಕಿಂಡಿಯ ಅಗಲ, ಲೋಹದಲ್ಲಿ ಹೀರುವಿಕೆ ನಿರ್ಣಾಯಕ. ಎಲ್ಲದರ ಕೆಳಗೂ ತಾಪಮಾನವಿದೆ. ಇದರಿಂದ ಎರಡು ಸೂಚನೆಗಳು ಹೊರಡುತ್ತವೆ. ಪಂಚಾಯಿತಿ, ಸಹಕಾರ ಸಂಘ, ಬಾಡಿಗೆ ಯಂತ್ರ ಕೇಂದ್ರಗಳು ಲೇಸರ್ ಉಪಕರಣ ಕೊಳ್ಳುವಾಗ ಅದು ಕೆಲಸ ಮಾಡುವ ಗರಿಷ್ಠ ತಾಪಮಾನವನ್ನು ಷರತ್ತಿನಲ್ಲಿ ಬರೆಸಬೇಕು. ಕೆಟ್ಟ ಉಪಕರಣದ ದಾಖಲೆಯಲ್ಲಿ ತಿಂಗಳು, ಹೊತ್ತು ಮತ್ತು ಪೆಟ್ಟಿಗೆಯ ಒಳಗಿನ ತಾಪಮಾನವನ್ನೂ ನಮೂದಿಸಬೇಕು. ಏಪ್ರಿಲ್ ಮಧ್ಯಾಹ್ನ ಬಿಟ್ಟುಬಿಟ್ಟು ಕಡಿದುಹೋಗಿ ಜುಲೈನಲ್ಲಿ ತಾನೇ ಸರಿಹೋಗುವ ಸಂಪರ್ಕದಲ್ಲಿ ನೆಲ ಅಗೆದು ಫೈಬರ್ ಹುಡುಕುವ ಮೊದಲು ಲೇಸರಿನ ಹೊಸ್ತಿಲನ್ನು ಶಂಕಿಸುವುದು ಕಡಿಮೆ ಖರ್ಚಿನ ದಾರಿ.