ಜರ್ಮನ್‌ನಲ್ಲಿ ದಿನಚರಿ ಬರೆದ ಹಂಗೇರಿಯ ಕೌಂಟ್

ಹೋದ ಸಲ ರೆಕಾರ್ಡಿಂಗ್ ದಿನ ನಿಮ್ಮಲ್ಲೊಬ್ಬಳು ಮೈಕ್ ಕಂಡು ಹಿಂದೆ ಸರಿದಳು. "ಆಂಟಿ, ನನ್ನ ಕನ್ನಡ ಸರಿಯಿಲ್ಲ" ಅಂದಳು. ಅವಳಿಗೆ ಹೇಳಬೇಕೆಂದುಕೊಂಡ ಕತೆ ಇದು. ನೀವೂ ಕೇಳಿ.

ಹಂಗೇರಿಯಲ್ಲಿ ಸೇಚೆನಿ ಎಂಬ ದೊಡ್ಡ ಜಮೀನ್ದಾರಿ ಮನೆತನವಿತ್ತು. ಆಗ ದೇಶ ವಿಯೆನ್ನಾದ ಹ್ಯಾಪ್ಸ್‌ಬರ್ಗ್ ದೊರೆಗಳ ಕೈಯಲ್ಲಿ. ಸಿರಿವಂತರ ಮನೆಗಳಲ್ಲಿ ಜರ್ಮನ್, ಶಾಸನಸಭೆಯಲ್ಲಿ ಲ್ಯಾಟಿನ್. ಹಂಗೇರಿಯನ್ ಉಳಿದದ್ದು ಹೆಚ್ಚಾಗಿ ಹಳ್ಳಿಗರ, ಸಣ್ಣ ಹಿಡುವಳಿದಾರರ ಬಾಯಲ್ಲಿ. 1802ರಲ್ಲಿ ಫೆರೆಂಟ್ಸ್ ಸೇಚೆನಿ ತನ್ನ ಪುಸ್ತಕ, ಹಸ್ತಪ್ರತಿಗಳ ಸಂಗ್ರಹವನ್ನು ದೇಶಕ್ಕೆ ಕೊಟ್ಟುಬಿಟ್ಟ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಹುಟ್ಟಿದ್ದು ಹಾಗೆ; ಇವತ್ತಿಗೂ ಅದಕ್ಕೆ ಅವನದೇ ಹೆಸರು.

ಅವನ ಮಗ ಇಷ್ಟ್‌ವಾನ್ ಹುಟ್ಟಿದ್ದು 1791ರಲ್ಲಿ, ವಿಯೆನ್ನಾದಲ್ಲಿ. ನೆಪೋಲಿಯನ್ ವಿರುದ್ಧ ಕಾದಿದ ಸೈನ್ಯಾಧಿಕಾರಿ. ದಿನಚರಿ ಬರೆದದ್ದು ಬಹುಪಾಲು ಜರ್ಮನ್‌ನಲ್ಲೇ, ಹಂಗೇರಿಯನ್ ಅವನಿಗೆ ಅಷ್ಟು ಸಲೀಸಿರಲಿಲ್ಲ. ಆದರೂ 1825ರಲ್ಲಿ, ಈಗಿನ ಬ್ರಾಟಿಸ್ಲಾವಾದಲ್ಲಿ ಸೇರಿದ್ದ ಸಭೆಯ ಮೇಲ್ಮನೆಯಲ್ಲಿ ಲ್ಯಾಟಿನ್ ಬಿಟ್ಟು ಹಂಗೇರಿಯನ್‌ನಲ್ಲೇ ಮಾತಾಡಿದ. ತಪ್ಪಾದರೆ ನಗುತ್ತಾರೆ ಅಂತ ಅವನಿಗೂ ಅನ್ನಿಸಿರಬೇಕು, ಅಲ್ವಾ? ಆ ನವೆಂಬರ್‌ನಲ್ಲಿ ಭಾಷೆಗೊಂದು ಅಕಾಡೆಮಿ ಬೇಕೆಂಬ ಚರ್ಚೆ ಬಂತು. ಇಷ್ಟ್‌ವಾನ್ ಎದ್ದು, ತನ್ನ ಜಮೀನಿನ ಒಂದು ವರ್ಷದ ಆದಾಯವನ್ನೇ ಕೊಡುತ್ತೇನೆ ಅಂದ. ಇನ್ನು ಮೂವರು ಅಲ್ಲೇ ಕೈಜೋಡಿಸಿದರು. 1844ರ ಹೊತ್ತಿಗೆ ಹಂಗೇರಿಯನ್ ಆಡಳಿತ ಭಾಷೆಯಾಯಿತು.

ಆ ಆದಾಯ ಬಂದದ್ದು ಬಿಟ್ಟಿ ಚಾಕರಿ ಮಾಡುತ್ತಿದ್ದ ರೈತರ ಬೆವರಿನಿಂದ. ಅದನ್ನು ಮರೆತು ಇವನನ್ನು ಹೊಗಳಿದರೆ ಅರ್ಧ ಸುಳ್ಳಾಗುತ್ತದೆ. ಅವನೇ 1830ರಲ್ಲಿ 'ಹಿಟೆಲ್', ಅಂದರೆ ಸಾಲ, ಎಂಬ ಪುಸ್ತಕ ಬರೆದು ಆ ಪದ್ಧತಿಯಿಂದ ಯಾರಿಗೂ ಲಾಭವಿಲ್ಲ ಅಂದ. ಅವನ ಸರೀಕ ಜಮೀನ್ದಾರರೇ ಸಿಡಿದೆದ್ದರು.

ಬುಡಾ, ಪೆಸ್ಟ್ ಆಗ ಬೇರೆಬೇರೆ ಊರು, ನಡುವೆ ಡ್ಯಾನ್ಯೂಬ್ ನದಿ. ದೋಣಿಗಳನ್ನು ಜೋಡಿಸಿದ ಸೇತುವೆಯನ್ನು ಚಳಿಗಾಲದಲ್ಲಿ ತೆಗೆದುಬಿಡುತ್ತಿದ್ದರು. 1820ರ ಡಿಸೆಂಬರ್‌ನಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಇಷ್ಟ್‌ವಾನ್ ಹೊಳೆ ದಾಟಲಾಗದೆ ದಿನಗಟ್ಟಲೆ ಕಾದಿದ್ದ. ಶಾಶ್ವತ ಸೇತುವೆಗೆ ಹಟ ಹಿಡಿದವನು ಅವನೇ. ತೆರಿಗೆಯನ್ನೇ ಕಟ್ಟದ ಶ್ರೀಮಂತರೂ ಅಲ್ಲಿ ಎಲ್ಲರಂತೆ ಸುಂಕ ಕೊಡಬೇಕಾಯಿತು! 1849ರಲ್ಲಿ ಸೇತುವೆ ತೆರೆದಾಗ ಅವನು ಮನಸ್ಸು ಕುಸಿದು ವಿಯೆನ್ನಾ ಪಕ್ಕದ ಆಸ್ಪತ್ರೆಯಲ್ಲಿದ್ದ. 1860ರಲ್ಲಿ ಅಲ್ಲೇ ತೀರಿಕೊಂಡ.

1945ರಲ್ಲಿ ಜರ್ಮನ್ ಸೈನ್ಯ ಆ ಸೇತುವೆಯನ್ನು ಸಿಡಿಸಿತು. 1949ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಮತ್ತೆ ತೆರೆದರು. ಬುಡಾಪೆಸ್ಟ್‌ಗೆ ಹೋದರೆ ಅದನ್ನು ದಾಟಿ ಪೆಸ್ಟ್ ಕಡೆ ಇಳಿಯಿರಿ. ಅಲ್ಲಿ ಅಕಾಡೆಮಿಯ ಕಟ್ಟಡದ ಮುಂದೆ ಅವನ ಪ್ರತಿಮೆ ನಿಂತಿದೆ.