ಮಂಗಳೂರಿನ ಕೊಂಕಣಿ ಗಾಯಕ–ಹಾಸ್ಯಗಾರ ಪರಂಪರೆ

ಮಂಗಳೂರಿನ ಕಥೋಲಿಕ ಕ್ರೈಸ್ತರಲ್ಲಿ ಬೆಳಿಗ್ಗೆ ಇಗರ್ಜಿಯ ಗಾಯನ ಮಂಡಳಿಯಲ್ಲಿ ಭಕ್ತಿಗೀತೆ ಹಾಡಿ, ಸಂಜೆ ವೇದಿಕೆ ಏರಿ ಜನರನ್ನು ನಗಿಸುವ ಕಲಾವಿದರ ಪರಂಪರೆ. ಇದರ ಮಾತು ಕೊಂಕಣಿ, ಲಿಪಿ ಕನ್ನಡ. ಸಂಗೀತ, ನಾಟಕ, ಮದುವೆಮನೆಯ ನಿರೂಪಣೆ ಮೂರೂ ಇದರಲ್ಲಿ ಕಲೆತಿವೆ. ಭಕ್ತಿಗೀತೆಗೆ ಒಬ್ಬ, ನಗೆಗೆ ಇನ್ನೊಬ್ಬ ಎಂಬ ವಿಂಗಡಣೆ ಇಲ್ಲಿ ಗಟ್ಟಿಯಾಗಿ ಬೇರೂರಲೇ ಇಲ್ಲ. ಕುಲಶೇಖರದ ಬಳಿಯ ಶಕ್ತಿನಗರದಲ್ಲಿರುವ ಕಲಾಂಗಣ ಎಂಬ ಕಲಾಕೇಂದ್ರ ಈಗ ಈ ಪರಂಪರೆಯ ಮುಖ್ಯ ನೆಲೆಗಳಲ್ಲಿ ಒಂದು.

ಬೇರು ಇರುವುದು ಮನೆಯಲ್ಲಿ. ಮುಸ್ಸಂಜೆ ಮನೆಮಂದಿ ದೇವರ ಪೀಠದ ಮುಂದೆ ಮೊಣಕಾಲೂರಿ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳಿ ಕೊನೆಗೆ ಒಂದು ಹಾಡು ಹಾಡುವುದು ಹಳೆಯ ರೂಢಿ. ಅದೇ ಮನೆಯಲ್ಲಿ ಮದುವೆಯ ಮುನ್ನಾದಿನ ರೋಸ್ ನಡೆಯುತ್ತದೆ. ವಧುವನ್ನೋ ವರನನ್ನೋ ಕೂರಿಸಿ ತೆಂಗಿನಕಾಯಿ ಹಾಲು ಹಚ್ಚುವಾಗ ಹಿರಿಯ ಹೆಂಗಸೊಬ್ಬಳು ವೊವಿಯೊ, ಅಂದರೆ ಮದುವೆಯ ಹಾಡು, ಎತ್ತಿಕೊಡುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಮೊದಲ ವೊವಿಯೊಗಳಲ್ಲಿ ದೇವರ ಸ್ಮರಣೆ, ಆಮೇಲೆ ತಂದೆತಾಯಿಯ ಹೊಗಳಿಕೆ. ರಾತ್ರಿ ಏರಿದ ಹಾಗೆ ಗುಮಟ್ ಹೊರಬರುತ್ತದೆ, ಬೀಗರ ಕಾಲೆಳೆಯುವ ಹಾಡುಗಳು ಶುರುವಾಗುತ್ತವೆ. ಹಾಡುವ ಬಾಯಿ ಮಾತ್ರ ಅದೇ. ಹಾಗಾಗಿ ಇಲ್ಲಿಯ ಕೇಳುಗನಿಗೆ ಪ್ರಾರ್ಥನೆಯ ಬೆನ್ನಿಗೇ ತಮಾಷೆ ಬಂದರೆ ಅಪಚಾರ ಅನ್ನಿಸುವುದಿಲ್ಲ.

ಗುಮಟ್ ಎಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ಅಗಲ ಬಾಯಿಗೆ ತೊಗಲು ಬಿಗಿದಿರುತ್ತದೆ, ಕಿರಿದಾದ ಬಾಯಿ ತೆರೆದೇ ಇರುತ್ತದೆ. ಬಲಗೈ ತೊಗಲಿನ ಮೇಲೆ ಬಡಿಯುತ್ತಿದ್ದರೆ ಎಡಗೈ ಆ ತೆರೆದ ಬಾಯನ್ನು ಮುಚ್ಚಿ ಬಿಟ್ಟು ಮಾಡುತ್ತ ನಾದವನ್ನು ಏರಿಳಿಸುತ್ತದೆ. ಹಿಂದೆ ಉಡದ ತೊಗಲು ಕಟ್ಟುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಅಪರಾಧವಾಗಿ, ಆಡಿನ ತೊಗಲು ಅದರ ಜಾಗಕ್ಕೆ ಬಂತು. ನಾದ ಮೊದಲಿನ ಹಾಗಿಲ್ಲ ಎಂದು ಹಳಬರು ಗೊಣಗುವುದುಂಟು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಬಾರಿಸುವ ಗುಮಟೆಯೂ ಇದೇ ಜಾತಿಯ ವಾದ್ಯ.

ಇಗರ್ಜಿಯ ಹಾಡಿನ ಕಥೆ ಇಷ್ಟು ಸಲೀಸಲ್ಲ. 1960ರ ದಶಕದವರೆಗೆ ಬಲಿಪೂಜೆ ಲ್ಯಾಟಿನ್‌ನಲ್ಲಿತ್ತು. ನೊವೆನಾ, ಮೆರವಣಿಗೆ, ತಪಸ್ಸು ಕಾಲದ ಪ್ರಾರ್ಥನೆಗಳಲ್ಲಿ ಮಾತ್ರ ಕೊಂಕಣಿಗೆ ಜಾಗವಿತ್ತು. ಶುಭ ಶುಕ್ರವಾರದ ಹೊತ್ತಿಗೆ ಇಂದಿಗೂ ಕೇಳಿಬರುವ ‘ರಿಗ್ಲೊ ಜೆಜು ಮೊಳ್ಯಾಂತು’ ಎಂಬ ಶೋಕಗೀತೆಯನ್ನು ಗೋವೆಯ ಪಾದ್ರಿ ಜೋಕಿಂ ಮಿರಾಂದ 18ನೆಯ ಶತಮಾನದಲ್ಲಿ ಕೆನರಾದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದಾಗ ರಚಿಸಿದರೆಂದು ಹೇಳಲಾಗುತ್ತದೆ. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿದ ಸಮುದಾಯಕ್ಕೆ, 1799ರ ನಂತರ ಊರಿಗೆ ಮರಳಿದವರಿಗೆ, ಇಂಥ ಹಾಡುಗಳು ಬರೀ ಭಕ್ತಿಯಾಗಿ ಉಳಿದಿರಲಾರವು.

ಪ್ರೊಟೆಸ್ಟಂಟರ ದಾರಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಮಟ್ಟುಗಳಿಗೆ ಕನ್ನಡ, ತುಳು ಮಾತು ಕೂರಿಸಿ ಸಭೆಗಳಲ್ಲಿ ಹಾಡಿಸಿದರು. ನಿಘಂಟಿನಿಂದ ಹೆಸರಾದ ಕಿಟ್ಟೆಲ್ ಈ ರೀತಿಗೆ ಜೋತುಬೀಳದೆ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲೇ ಹೇಳಿದ. ಮಟ್ಟು ಯಾರದಿರಬೇಕೆಂಬ ಈ ತಕರಾರು ನೂರಿಪ್ಪತ್ತು ವರ್ಷಗಳ ಮೇಲೆ ಕೊಂಕಣಿಯಲ್ಲಿ ಮತ್ತೆ ಎದ್ದಿತು.

1962–65ರ ಎರಡನೇ ವ್ಯಾಟಿಕನ್ ಮಹಾಸಭೆ ಬಲಿಪೂಜೆಯನ್ನು ಜನರ ಮಾತಿಗೆ ತಂದದ್ದೇ ತಡ, ಪ್ರತಿ ಇಗರ್ಜಿಗೂ ಭಾನುವಾರ ಭಾನುವಾರ ಕೊಂಕಣಿ ಹಾಡು ಬೇಕಾಯಿತು. ಹಾಡು ಬೇಕೆಂದರೆ ಬರೆಯುವವರು, ಮಟ್ಟು ಹಾಕುವವರು, ಹಾಡಿಸುವವರು ಬೇಕು. ಹೀಗೆ ಗಾಯನ ಮಂಡಳಿ ಮಂಗಳೂರಿನ ಹುಡುಗ ಹುಡುಗಿಯರಿಗೆ ಶುಲ್ಕವಿಲ್ಲದ ಸಂಗೀತ ಶಾಲೆಯಾಯಿತು. ಅದೇ ಇಗರ್ಜಿಯ ವಾರ್ಷಿಕ ಹಬ್ಬದ ಸಂಜೆಗೆ ಕಿರುನಾಟಕ ಬೇಕು, ಅದರಲ್ಲಿ ಒಬ್ಬ ಕುಡುಕನೋ ಕಿವುಡು ಮಾವನೋ ಬೇಕೇಬೇಕು. ಆ ವೇಷಕ್ಕೂ ಸಿಗುತ್ತಿದ್ದವರು ಮಂಡಳಿಯ ಹುಡುಗರೇ.

ನಾಟಕದ ಕಡೆಯಿಂದ ನೋಡಿದರೆ 1943ರಲ್ಲಿ ಹುಟ್ಟಿದ ಕೊಂಕಣಿ ನಾಟಕ ಸಭೆ ದೊಡ್ಡ ಘಟ್ಟ. ಆದರೆ ಗೋವೆಯವರ ಕೊಂಕಣಿ ರಂಗಪ್ರಕಾರವಾದ ತಿಯಾತ್ರ್‌ಗೂ ಮಂಗಳೂರಿನ ನಾಟಕಕ್ಕೂ ಒಂದು ವ್ಯತ್ಯಾಸವಿದೆ. 1892ರಲ್ಲಿ ಮುಂಬಯಿಯಲ್ಲಿ ಶುರುವಾದ ತಿಯಾತ್ರ್‌ನಲ್ಲಿ ದೃಶ್ಯಗಳ ನಡುವೆ ಕಥೆಗೆ ಸಂಬಂಧವಿಲ್ಲದ ಕಾಂತಾರ್‌ಗಳು, ಅಂದರೆ ಹಾಡುಗಳು, ಬರುತ್ತವೆ. ಹಾಡಿ ನಗಿಸುವ ನಟನಿಗೆ ಅಲ್ಲಿ ಖಾಯಂ ಜಾಗ. ಮಂಗಳೂರಿನಲ್ಲಿ ಆ ಕಟ್ಟುಪಾಡು ಬೆಳೆಯಲಿಲ್ಲ. ಆ ಜಾಗವನ್ನು ಇಲ್ಲಿ ತುಂಬಿದ್ದು ‘ನೈಟ್’, ಅಂದರೆ ಒಬ್ಬ ಗಾಯಕನ ಹೆಸರಿನಲ್ಲಿ ಟಿಕೆಟ್ ಮಾರಿ ನಡೆಸುವ ಸಂಗೀತ ರಾತ್ರಿ.

ನೈಟ್ ಅಂದರೆ ವಿಲ್ಫಿ. ವಿಲ್ಫಿ ರೆಬಿಂಬಸ್ (2 ಏಪ್ರಿಲ್ 1942 – 9 ಮಾರ್ಚ್ 2010) ಹಾಡು ಬರೆದು, ಮಟ್ಟು ಹಾಕಿ, ತಾವೇ ಹಾಡಿದವರು, ನಾಟಕಗಳನ್ನೂ ಬರೆದರು. ‘ಕೊಂಕಣ್ ಕೊಗುಳ್’ ಎಂಬ ಬಿರುದು ಅವರ ಹೆಸರಿಗಿಂತ ಮೊದಲು ನೆನಪಾಗುವಷ್ಟು ಪ್ರಚಲಿತ. ಪತ್ನಿ ಮೀನಾ ರೆಬಿಂಬಸ್ ಜೊತೆಗಿನ ಯುಗಳಗೀತೆಗಳು, ದೇವಗೀತೆಗಳು, ಪ್ರೇಮಗೀತೆಗಳು, ಕುಡಿತವನ್ನೂ ಒಣಜಂಭವನ್ನೂ ಗೇಲಿ ಮಾಡುವ ಹಾಡುಗಳು ಒಂದೇ ರಾತ್ರಿಯಲ್ಲಿ ಒಂದರ ಹಿಂದೊಂದು ಬರುತ್ತಿದ್ದವು. ಅವರ ಶಕ್ತಿ ಇದ್ದದ್ದು ಅಡುಗೆಮನೆ, ಅಂಗಳದ ಸರಳ ಮಾತಿನಲ್ಲಿ. ಪಂಡಿತರು ಇದನ್ನೇ ಕೊರತೆ ಎಂದರು. ಆದರೆ ಮುಂಬಯಿಯ ಚಾಳುಗಳಲ್ಲಿ, ಗಲ್ಫ್‌ನ ಕೋಣೆಗಳಲ್ಲಿ ಊರನ್ನು ನೆನೆದು ಕೂತವರಿಗೆ ಬೇಕಾಗಿದ್ದದ್ದು ಆ ಮಾತೇ. 1976ರ ಡಿಸೆಂಬರಿನಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ, ಅದರ ಹಿಂದೆಯೇ ಬಂದ ಕ್ಯಾಸೆಟ್ಟು, ಇವೆರಡೂ ಕೊಂಕಣಿ ಹಾಡನ್ನು ವೇದಿಕೆಯಿಂದ ಮನೆಯೊಳಕ್ಕೆ ತಂದವು. ಊರಿಗೆ ರಜೆಯಲ್ಲಿ ಬಂದವರು ಮರಳುವಾಗ ಉಪ್ಪಿನಕಾಯಿ ಭರಣಿಯ ಪಕ್ಕ ಕ್ಯಾಸೆಟ್ಟುಗಳನ್ನೂ ತುಂಬಿಕೊಳ್ಳುತ್ತಿದ್ದ ಕಾಲ ಅದು. ಕ್ಯಾಸೆಟ್ಟಿನ ಒಂದು ಬದಿ ಭಕ್ತಿಗೀತೆ, ಇನ್ನೊಂದು ಬದಿ ಕುಣಿತದ ಬೈಲಾ ಹಾಡು ಎಂದರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ.

ವಿಲ್ಫಿ ಹಾಗೂ ಅವರ ಓರಗೆಯವರ ಮಟ್ಟುಗಳಲ್ಲಿ ಪಾಶ್ಚಾತ್ಯ ಛಾಯೆ ದಟ್ಟವಾಗಿತ್ತು. ಅದಕ್ಕೆ ಎದುರಾಗಿ ಎದ್ದ ಪ್ರಯೋಗವೇ ಮಾಂಡ್ ಸೊಭಾಣ್ ಎಂಬ ಸಂಸ್ಥೆ. ಕಾರ್ಮಿಕ ಸಂಘಟನೆಯಲ್ಲಿ ದುಡಿದಿದ್ದ, ಸ್ವತಃ ಗಾಯಕರೂ ಸಂಯೋಜಕರೂ ಆದ ಎರಿಕ್ ಒಝೇರಿಯೊ 1986ರ ನವೆಂಬರ್ 30ರಂದು ಇದನ್ನು ಆರಂಭಿಸಿದರು. ಕೊಂಕಣಿ ಹಾಡಿಗೆ ಕೊಂಕಣಿಯದೇ ದನಿ ಬೇಕು ಎಂಬುದು ಅವರ ಹಟ. ಗುಮಟ್ ರೋಸಿನ ಚಪ್ಪರದಿಂದ ಸಭಾಂಗಣದ ವೇದಿಕೆಗೆ ಬಂದದ್ದು ಈ ಹಟದಿಂದ. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. 1994ರಲ್ಲಿ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಬಂತು. 1995ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಮೊದಲ ವಿಶ್ವ ಕೊಂಕಣಿ ಸಮ್ಮೇಳನ ನಡೆಯಿತು. ಹಾಡಿನ ಚಳವಳಿ ಭಾಷೆಯ ಚಳವಳಿಯಾದದ್ದು ಈ ವರ್ಷಗಳಲ್ಲಿ.

ಶಕ್ತಿನಗರದ ಮಕಾಳೆಯಲ್ಲಿ ಮಾಂಡ್ ಸೊಭಾಣ್ ಕಟ್ಟಿದ ಕಲಾಂಗಣದ ಜೀವಾಳ ಅದರ ಬಯಲು ರಂಗಮಂದಿರ. ತಿಂಗಳ ಮೊದಲ ಭಾನುವಾರ ಸಂಜೆ ಇಲ್ಲಿ ‘ಮ್ಹಯ್ನ್ಯಾಳಿ ಮಾಂಚಿ’ ಎಂಬ ಕಾರ್ಯಕ್ರಮ ನಡೆಯುತ್ತದೆ. ಒಂದು ತಿಂಗಳು ಹಾಡಾದರೆ ಇನ್ನೊಂದು ತಿಂಗಳು ನಾಟಕ, ಮತ್ತೊಮ್ಮೆ ಕುಣಿತ. ಹಾಡಿಗೆ ‘ಸುಮೇಳ್’, ನೃತ್ಯಕ್ಕೆ ‘ನಾಚ್ ಸೊಭಾಣ್’, ನಾಟಕಕ್ಕೆ ‘ಕಲಾಕುಲ್’ ಎಂಬ ಅಂಗಸಂಸ್ಥೆಗಳು ಕಟ್ಟಿಕೊಂಡವು. ಅಲ್ಲಿಯವರೆಗೆ ನೋಡಿ ಕಲಿಯುತ್ತಿದ್ದ ಹಾಸ್ಯನಟನಿಗೆ ಅಭ್ಯಾಸದ ಶಿಸ್ತು ಸಿಕ್ಕಿದ್ದು ಇಂಥ ರಂಗತಂಡದಿಂದ. 2008ರ ಜನವರಿ 26 ಮತ್ತು 27ರಂದು ಇದೇ ಕಲಾಂಗಣದಲ್ಲಿ ‘ಕೊಂಕಣಿ ನಿರಂತರಿ’ ನಡೆಯಿತು. 40 ಗಂಟೆ ಬಿಡುವಿಲ್ಲದೆ 1711 ಹಾಡುಗಳು. ಬ್ರೆಜಿಲ್‌ನ ತಂಡವೊಂದರ 36 ಗಂಟೆಯ ದಾಖಲೆ ಮುರಿದು ಗಿನ್ನೆಸ್ ಪುಸ್ತಕ ಸೇರಿತು. ದಾಖಲೆಗಳಿಗೆ ಆಯುಸ್ಸು ಕಡಿಮೆ. ಆದರೆ ಹಾಡುಗಳು ಮುಗಿಯದಷ್ಟಿವೆ ಎಂದು ಕೊಂಕಣಿಗರಿಗೇ ತೋರಿಸಿಕೊಟ್ಟದ್ದು ಸಣ್ಣ ಮಾತಲ್ಲ. ಮರುವರ್ಷ, 2009ರ ಜನವರಿಯಲ್ಲಿ, ಬಸ್ತಿ ವಾಮನ ಶೆಣೈ ಅವರ ಮುಂದಾಳತ್ವದ ವಿಶ್ವ ಕೊಂಕಣಿ ಕೇಂದ್ರವೂ ಶಕ್ತಿನಗರದಲ್ಲೇ ಬಾಗಿಲು ತೆರೆಯಿತು. 2023ರಲ್ಲಿ ಮಾಂಡ್ ಸೊಭಾಣ್ ‘ಅಸ್ಮಿತಾಯ್’ ಎಂಬ ಚಲನಚಿತ್ರವನ್ನೂ ತೆರೆಗೆ ತಂದಿತು.

ಹಾಡಿ ನಗಿಸುವವನ ನಿಜವಾದ ಗರಡಿ ಮಾತ್ರ ಮದುವೆಯ ಸಭಾಂಗಣ. ಅಲ್ಲಿ ಅವನಿಗೆ ಎಂಸಿ ಎಂಬ ಹೆಸರು. ಇಗರ್ಜಿಯಲ್ಲಿ ಮದುವೆಯ ಪೂಜೆಗೆ ಹಾಡಿದವನೇ ಮಧ್ಯಾಹ್ನ ಕೋಟು ತೊಟ್ಟು ಮೈಕು ಹಿಡಿಯುತ್ತಾನೆ. ವಧೂವರರನ್ನು ಬ್ಯಾಂಡಿನೊಂದಿಗೆ ಒಳಗೆ ಕರೆತರಬೇಕು, ಕೇಕು ಕತ್ತರಿಸಲು ಕರೆಯಬೇಕು, ಟೋಸ್ಟ್ ಎತ್ತುವವರನ್ನು ಪರಿಚಯಿಸಬೇಕು, ಊಟ ತಡವಾದರೆ ಜನ ಏಳದಂತೆ ಹಿಡಿದಿಡಬೇಕು. ಪಾದ್ರಿಗಳು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಹಿಂದಿನ ಸಾಲಿನಲ್ಲಿ ಆಗಲೇ ಬಾಟಲಿ ತೆರೆದಿರುತ್ತದೆ. ಈ ಎರಡೂ ಸಾಲಿನವರು ನಗುವಂಥ ಜೋಕು ಹುಡುಕುವುದು ಕಷ್ಟದ ವಿದ್ಯೆ. ಕೊಂಕಣಿ, ತುಳು, ಕನ್ನಡ, ಇಂಗ್ಲಿಷು ನಾಲ್ಕೂ ಒಂದೇ ಉಸಿರಿಗೆ ಬರಬೇಕು. ದುಬೈಯಿಂದ ಬಂದ ಮಾವ, ಅರ್ಧಂಬರ್ಧ ಇಂಗ್ಲಿಷಿನ ಅತ್ತೆ ಮುಂತಾದ ಹಳೆಯ ಸರಕು ಇನ್ನೂ ಓಡುತ್ತದೆ, ಬೇಸರ ಬರುವಷ್ಟು ಓಡುತ್ತದೆ.

ಈ ಜೋಡುವೃತ್ತಿ ಮಂಗಳೂರಿನದು ಮಾತ್ರವಲ್ಲ. ಅಮೆರಿಕದ ಕರಿಯರ ಗಾಸ್ಪೆಲ್ ಸಂಗೀತದ ಪಿತಾಮಹ ಎನಿಸಿದ ಥಾಮಸ್ ಎ. ಡಾರ್ಸಿ (1899–1993) ಮೊದಲು ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಪೋಲಿ ಹಾಸ್ಯದ ಹಾಡು ಹಾಡಿ ಹಣ ಕಂಡವರು. 1928ರಲ್ಲಿ ಟಾಂಪಾ ರೆಡ್ ಜೊತೆ ಮುದ್ರಿಸಿದ ಹಾಡು ಭರ್ಜರಿ ಮಾರಾಟವಾಯಿತು. ನಾಲ್ಕು ವರ್ಷದ ಮೇಲೆ ಅದೇ ಮನುಷ್ಯ ಷಿಕಾಗೊದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಗಾಯನ ಮಂಡಳಿ ನಡೆಸುತ್ತಿದ್ದರು. ಅವರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕಾಯಿತು. ಮಂಗಳೂರಿನವನಿಗೆ ಬಿಡುವ ಪ್ರಮೇಯವೇ ಬರಲಿಲ್ಲ.

ಈ ಕಲೆಯೊಂದನ್ನೇ ನಂಬಿ ಬದುಕಿದವರು ಕಡಿಮೆ. ಬ್ಯಾಂಕು, ಶಾಲೆ, ಗಲ್ಫ್‌ನ ಕಚೇರಿ ಹೊಟ್ಟೆ ಹೊರೆದವು. ನೈಟ್‌ನ ಗಳಿಕೆ ಬಹುಪಾಲು ಇಗರ್ಜಿಯ ಕಟ್ಟಡ ನಿಧಿಗೋ ರೋಗಿಯೊಬ್ಬರ ಚಿಕಿತ್ಸೆಗೋ ಹೋಗುತ್ತಿತ್ತು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಅದೂ ಹೋಯಿತು. ಈಗ ಹಾಡೂ ಹಾಸ್ಯದ ತುಣುಕೂ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ಮುಲ್ಕಿಯಂಥ ಕಡೆಯ ಧ್ಯಾನಕೇಂದ್ರಗಳಲ್ಲಿ ಕೀಬೋರ್ಡು, ಚಪ್ಪಾಳೆಯ ಸ್ತುತಿಗೀತೆಗಳಿಗೆ ಹೊಸ ಕೇಳುಗರಿದ್ದಾರೆ, ಆದರೆ ಅಲ್ಲಿ ನಗೆಗೆ ಜಾಗ ಕಡಿಮೆ. ಉಳಿದಿರುವ ಖಾತರಿ ಆದಾಯ ಮದುವೆಯದು, ಅದನ್ನು ನಿಯಂತ್ರಿಸುವುದು ಇಗರ್ಜಿಯ ಪಂಚಾಂಗ. ವಿಭೂತಿ ಬುಧವಾರದಿಂದ ಈಸ್ಟರಿನವರೆಗೆ ತಪಸ್ಸು ಕಾಲ, ಮದುವೆಗಳು ಸಾಮಾನ್ಯವಾಗಿ ಇರುವುದಿಲ್ಲ. ಎಂಸಿಯ ಕೋಟು ಗೂಟಕ್ಕೆ ಹೋಗುತ್ತದೆ, ಮಂಡಳಿ ಯಾತನೆಯ ಹಾಡುಗಳ ಅಭ್ಯಾಸಕ್ಕೆ ಕೂರುತ್ತದೆ. ಈಸ್ಟರ್ ಕಳೆದ ವಾರದಿಂದ ಮಳೆ ಹಿಡಿಯುವವರೆಗಿನ ರೋಸ್‌ಗಳಿಗೂ ಮದುವೆಗಳಿಗೂ ಒಳ್ಳೆಯ ಹೆಸರಿದ್ದವರ ದಿನಗಳು ಕ್ರಿಸ್ಮಸ್ಸಿಗೆ ಮೊದಲೇ ಗೊತ್ತಾಗಿರುತ್ತವೆ.