ಕೊಂಡು ತಂದ ನಾಲಗೆ

ಹಾರ್ಮೋನಿಯಂ ನಮ್ಮದೋ ಪರರದೋ ಎಂಬ ವಾದಕ್ಕೆ ನಮ್ಮ ಸಂಗೀತಲೋಕದಲ್ಲಿ ನೂರು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ. ಬಲ್ಲವರು ಅದನ್ನು ಶ್ರುತಿ, ಮೀಂಡ್, ಗಮಕಗಳ ನೆಲೆಯಿಂದ ನಡೆಸಿದ್ದಾರೆ. ನಾನು ಸಂಗೀತಶಾಸ್ತ್ರಜ್ಞನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದಕಾರಣ ಬೇರೊಂದು ಬಾಗಿಲಿನಿಂದ ಒಳಹೊಗಲು ಇಚ್ಛಿಸುತ್ತೇನೆ. ಈ ವಾದ್ಯವನ್ನು ಕಟ್ಟುವವರು ಅದರ ಬಿಡಿಭಾಗಗಳನ್ನು ಎಲ್ಲಿಂದ ಕೊಂಡು ತಂದರು, ತಂದದ್ದನ್ನು ಏನು ಮಾಡಿದರು ಎಂಬುದೇ ಆ ಬಾಗಿಲು.

ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಕಾಣುವುದು ಬಹಳವೇನಲ್ಲ. ಮರವನ್ನು ಊರಿನ ಬಡಗಿಯೇ ಒದಗಿಸಬಲ್ಲ. ತಿದಿಗೆ ಬೇಕಾದ ತೊಗಲು, ಬಟ್ಟೆಗಳು ಪೇಟೆಯಲ್ಲಿಯೇ ದೊರೆಯುತ್ತವೆ. ಆದರೆ ದನಿಯಿರುವುದು ರೀಡಿನಲ್ಲಿ. ಹಿತ್ತಾಳೆಯ ಒಂದು ಪುಟ್ಟ ಪಟ್ಟಿ. ಅದರಲ್ಲಿ ಒಂದು ಸೀಳು. ಸೀಳಿನ ಮೇಲೆ ಒಂದು ತುದಿಯನ್ನು ಮಾತ್ರ ಬಿಗಿದ ತೆಳುವಾದ ಹಿತ್ತಾಳೆಯ ನಾಲಗೆ. ಗಾಳಿ ನುಗ್ಗಿದಾಗ ಈ ನಾಲಗೆ ಅದುರುತ್ತದೆ, ಸ್ವರ ಹುಟ್ಟುತ್ತದೆ. ಮೂರೂವರೆ ಸಪ್ತಕದ ಪೆಟ್ಟಿಗೆಗೆ 42 ಮನೆಗಳು; ಎರಡು ಸಾಲು ಹೂಡಿದರೆ 84 ನಾಲಗೆಗಳು. ನಮ್ಮವರು ಕಡಲಾಚೆಯಿಂದ ಕೊಂಡು ತಂದದ್ದು ಮುಖ್ಯವಾಗಿ ಇವನ್ನೇ.

1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೆಯ್ನ್ ಎಂಬಾತ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಈ ವಾದ್ಯದ ಹಕ್ಕನ್ನು ಪಡೆದ. ಅದು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯೊತ್ತುವವರ ವಾದ್ಯ. ನೆಲದ ಮೇಲೆ ಕುಳಿತು ಹಾಡುವ ನಮ್ಮವರಿಗೆ ಒಪ್ಪುವಂತೆ ತಿದಿಯನ್ನು ಹಿಂದಕ್ಕೆ ತಂದು ಕೈಗೆ ಕೊಟ್ಟ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. 1875ರಲ್ಲಿ ಸ್ಥಾಪನೆಯಾದ ಅವರ ಅಂಗಡಿಗೆ ಡ್ವಾರ್ಕಿನ್ ಎಂದು ಹೆಸರು. ಘೋಷರು ಲಂಡನ್ನಿನ ಡಾಕಿನ್ಸ್ ಎಂಬವರಿಂದ ವಾದ್ಯಗಳನ್ನು ತರಿಸುತ್ತಿದ್ದರು. ದ್ವಾರಕಾನಾಥ, ಡಾಕಿನ್ಸ್ ಎರಡನ್ನೂ ಬೆಸೆದು ಈ ಹೆಸರನ್ನು ಕಟ್ಟಿದವರು ಸತ್ಯಜಿತ್ ರಾಯರ ಅಜ್ಜ ಉಪೇಂದ್ರಕಿಶೋರ ರಾಯರು ಎನ್ನುತ್ತಾರೆ. ಕೊಂಡವನ ಹೆಸರೂ ಮಾರಿದವನ ಹೆಸರೂ ಒಂದೇ ಪದದಲ್ಲಿ ಸಂಧಿಯಾದ ಈ ಪ್ರಸಂಗ ವ್ಯಾಕರಣ ಕಲಿಸಿದವನಿಗೆ ರುಚಿಸದಿರುವುದೆಂತು!

ಹಾಗೆ ಬಂದ ಪೆಟ್ಟಿಗೆ ಕನ್ನಡನಾಡಿನಲ್ಲಿ ಮೊದಲು ಗಟ್ಟಿಯಾಗಿ ನೆಲೆನಿಂತದ್ದು ನಾಟಕದ ಕಂಪನಿಗಳಲ್ಲಿ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ರಂಗಗೀತೆ ಮುಟ್ಟಬೇಕಾದರೆ ಲೆಗ್ ಹಾರ್ಮೋನಿಯಂ ಬೇಕೇ ಬೇಕು. ದಕ್ಷಿಣದಲ್ಲಿ ಹಾರ್ಮೋನಿಯಂ ಮೇಷ್ಟರು, ಉತ್ತರದಲ್ಲಿ ಪೇಟಿ ಮಾಸ್ತರು. ಅವರಿಲ್ಲದೆ ಪರದೆ ಏಳುತ್ತಿರಲಿಲ್ಲ. 1917ರಲ್ಲಿ ಕಾಗವಾಡದಲ್ಲಿ ಜನಿಸಿ 2010ರಲ್ಲಿ ತೀರಿಕೊಂಡ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರ ಬೆರಳುಗಳಲ್ಲಿ ಆ ಪೇಟಿ ಹಾಡಿದ್ದನ್ನು ಕೇಳಿದವರು ಅದನ್ನು ಪರದೇಶಿ ಎಂದಾರೆ?

ಅಂದರೂ ಆಕ್ಷೇಪ ನಿಲ್ಲಲಿಲ್ಲ. ಅದರಲ್ಲಿ ಹುರುಳೂ ಇತ್ತು. ಷಡ್ಜವನ್ನು ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಂಡರೆ ತಂಬೂರಿಯಿಂದ ಹೊಮ್ಮುವ ಅಂತರ ಗಾಂಧಾರ 300 ಆಗಬೇಕು. ಪಶ್ಚಿಮದ ಸಮಭಾಗದ ಕ್ರಮದಲ್ಲಿ ಅದು ಸುಮಾರು 302.4. ಅಂತರ ಅಲ್ಪ; ಪಳಗಿದ ಕಿವಿಗೆ ಮಾತ್ರ ಮುಳ್ಳು. ಈ ಮುಳ್ಳನ್ನು ತೆಗೆಯಲು ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು 22 ಶ್ರುತಿಗಳ ಲೆಕ್ಕವನ್ನು 1910ರಲ್ಲಿ ಪುಸ್ತಕವಾಗಿಸಿದರು. ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೊಡನೆ ಸೇರಿ ಶ್ರುತಿ ಹಾರ್ಮೋನಿಯಮ್ಮನ್ನು ರೂಪಿಸಿದರು. 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಅದು ವಿದ್ವಾಂಸರ ಒಪ್ಪಿಗೆಯನ್ನು ಗಳಿಸಲಿಲ್ಲ. ಮುಂದೆ 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಈ ವಾದ್ಯಕ್ಕೆ ಬಾಗಿಲು ಮುಚ್ಚಿತು. ಬಾಗಿಲು ಅರೆತೆರೆದದ್ದು 1970ರ ದಶಕದ ಆರಂಭದಲ್ಲಿ. ಈ ಸಂಗತಿಯನ್ನು ಬಾನುಲಿಯಲ್ಲಿಯೇ ಹೇಳುವ ಸ್ವಾರಸ್ಯವನ್ನು ತಾವೂ ಗಮನಿಸಿರಬಹುದು.

ಇಷ್ಟೆಲ್ಲ ವಾದ ನಡೆಯುತ್ತಿದ್ದಾಗ ಹೆಸರಿಲ್ಲದ ಕುಶಲಿಗಳು ತಮ್ಮ ಕೆಲಸವನ್ನು ತಾವು ಮಾಡುತ್ತಿದ್ದರು. ಅವರ ಆಯುಧ ಒಂದು ಸಣ್ಣ ಅರ. ನಾಲಗೆಯ ತುದಿಯನ್ನು ತುಸು ಕೆರೆದರೆ ಅದು ಹಗುರವಾಗಿ ಸ್ವರ ಏರುತ್ತದೆ. ಬುಡವನ್ನು ಕೆರೆದರೆ ಬಿಗುವು ಸಡಿಲಿ ಸ್ವರ ಇಳಿಯುತ್ತದೆ. ತಂಬೂರಿಯನ್ನು ಮೀಟುತ್ತ, ಗಾಂಧಾರದ ಬುಡವನ್ನು ಕೂದಲೆಳೆಯಷ್ಟು ಕೆರೆದು, ಅದುರಾಟ ಅಡಗುವವರೆಗೆ ಕಿವಿಗೊಟ್ಟು ಅವರು ಕಾಯುತ್ತಿದ್ದರು. ಇದಕ್ಕೆ ಬೆಲೆಯೂ ಉಂಟು: ಹಾಗೆ ತಿದ್ದಿದ ಪೆಟ್ಟಿಗೆ ಒಂದು ಷಡ್ಜಕ್ಕೆ ಮುಡಿಪಾಗುತ್ತದೆ, ಬೇರೆ ಮನೆಯಿಂದ ಹಾಡಿದರೆ ಅಪಸ್ವರವೆನಿಸುತ್ತದೆ. ಕೇಶಿರಾಜ ಸಂಸ್ಕೃತದ ಪದಗಳು ಕನ್ನಡದ ಬಾಯಿಗೆ ಹೊಂದಿ ತದ್ಭವಗಳಾಗುವ ಬಗೆಯನ್ನು ಲೆಕ್ಕ ಹಾಕಿಟ್ಟ. ಅರ ತಾಗಿದ ಪ್ಯಾರಿಸ್ಸಿನ ನಾಲಗೆಯೂ ನನ್ನ ಮಟ್ಟಿಗೆ ಒಂದು ತದ್ಭವವೇ. ಕೊಂಡದ್ದು ತತ್ಸಮ, ತಿದ್ದಿದ ಮೇಲೆ ಅದು ನಮ್ಮದು.

ಈಗ ಕಾಲ ಬದಲಾಗಿದೆ. ಕಡಲು ದಾಟುವ ಹಡಗನ್ನು ಕಾಯಬೇಕಿಲ್ಲ. ಗುಜರಾತಿನ ಪಾಲಿಟಾಣಾ ಜೈನರ ಶತ್ರುಂಜಯ ಬೆಟ್ಟಕ್ಕೆ ಹೆಸರಾದಂತೆ ರೀಡುಗಳಿಗೂ ಹೆಸರಾಗಿದೆ. ಫೋನಿನ ತೆರೆಯ ಮೇಲೆ ಬೆರಳಾಡಿಸಿದರೆ ಆನ್‌ಲೈನ್ ಅಂಗಡಿಗಳು ರೀಡು, ತಿದಿಯ ಬಟ್ಟೆ, ಅರ ಎಲ್ಲವನ್ನೂ ಮನೆಬಾಗಿಲಿಗೆ ಕಳುಹಿಸುತ್ತವೆ. ಹಳೆಯ ಪೆಟ್ಟಿಗೆಗಳಿಂದ ಕಿತ್ತ ಪ್ಯಾರಿಸ್, ಜರ್ಮನ್ ರೀಡುಗಳೂ ಅಲ್ಲಿ ಮಾರಾಟಕ್ಕಿವೆ. ಇದನ್ನು ನಾನು ಹಳಿಯಲಾರೆ. ಸಣ್ಣ ಊರಿನಲ್ಲಿ ಕುಳಿತ ಕಸುಬುದಾರನಿಗೆ ಇದು ದೊಡ್ಡ ಉಪಕಾರ; ಒಂದು ನಾಲಗೆ ಮುರಿದರೆ ಇಡೀ ಪೆಟ್ಟಿಗೆಯನ್ನು ಮೂಲೆಗೆ ತಳ್ಳಬೇಕಾಗಿಲ್ಲ.

ಆದರೆ ಅರವನ್ನು ಕಳುಹಿಸುವ ಅಂಗಡಿ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಳುಹಿಸುವುದಿಲ್ಲ. ಕೆರೆದ ಹಿತ್ತಾಳೆಯನ್ನು ಮತ್ತೆ ಅಂಟಿಸಲು ಬಾರದು. ಒಂದು ನಾಲಗೆ ಕೆಟ್ಟರೆ ಇನ್ನೊಂದನ್ನು ತರಿಸಬಹುದು. ಕಿವಿಯುಳ್ಳ ಒಬ್ಬ ಕುಶಲಿ ಶಿಷ್ಯನಿಲ್ಲದೆ ಹೋದರೆ ಅವನನ್ನು ಯಾವ ಅಂಗಡಿಯಿಂದ ತರಿಸೋಣ? ಆದ್ದರಿಂದ ಮನೆಯಲ್ಲಿ ಹಳೆಯ ಪೆಟ್ಟಿಗೆಯಿರುವವರಲ್ಲಿ ನನ್ನದೊಂದು ಬಿನ್ನಹ. ಬಿಡಿಭಾಗಗಳನ್ನು ಎಲ್ಲಿಂದಲಾದರೂ ಕೊಳ್ಳಿರಿ. ಶ್ರುತಿಯನ್ನು ಮಾತ್ರ ನಿಮ್ಮ ಊರಿನ, ಇಲ್ಲವೇ ನೆರೆಯೂರಿನ ಕುಶಲಿಯಿಂದ ಮಾಡಿಸಿರಿ. ಆತ ಕೆಲಸ ಮಾಡುವಾಗ ಮನೆಯ ಮಗುವೊಂದು ಪಕ್ಕದಲ್ಲಿ ಕುಳಿತು ಕೇಳಲಿ.